ಕೈಯ ಚಲನೆಯೂ ಗಣಿತದ ಸಾಕ್ಷ್ಯವೂ

ಮೇಜಿನ ಮೇಲಿರುವ ಲೋಟಕ್ಕೆ ಕೈ ಚಾಚುವುದು ನಮಗೆ ಯೋಚನೆಯೇ ಬೇಡದ ಕೆಲಸ. ಆದರೆ ಈ ಸರಳ ಕಾರ್ಯವನ್ನು ನರಮಂಡಲವು ಹೇಗೆ ನಡೆಸುತ್ತದೆಂಬುದು ವಿದ್ವಾಂಸರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಗಣಿತದ ನೆರವಿನಿಂದ ಇದಕ್ಕೆ ಉತ್ತರವನ್ನು ಅರಸುವವರ ವಿದ್ವದ್ಗೋಷ್ಠಿಯೊಂದು ಈ ಶತಮಾನದ ಆರಂಭದ ವರ್ಷಗಳಲ್ಲಿ ಅಮೆರಿಕದ ನರವಿಜ್ಞಾನ ಸಂಘದ ವಾರ್ಷಿಕ ಅಧಿವೇಶನಕ್ಕೆ ಹೊಂದಿಕೊಂಡು ನಡೆಯುತ್ತಿತ್ತು. ಈ ವಿದ್ವಾಂಸರಲ್ಲಿ ಬೇರೂರಿದ ಒಂದು ತತ್ತ್ವವನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ಸಾಧ್ಯವಿರುವ ಚಲನೆಗಳಲ್ಲೆಲ್ಲ ಅತ್ಯುತ್ತಮವಾದುದನ್ನೇ ಮಿದುಳು ಆರಿಸುತ್ತದೆಂಬುದು ಆ ತತ್ತ್ವ.

ಸಮಸ್ಯೆಯ ಮೂಲವನ್ನು ಮೊದಲು ನೋಡೋಣ. 1920ರ ದಶಕದಲ್ಲಿ ಮಾಸ್ಕೋದ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಶರೀರವಿಜ್ಞಾನಿ ಸುತ್ತಿಗೆಯ ಹೊಡೆತಗಳನ್ನು ಛಾಯಾಚಿತ್ರಗಳ ಮೂಲಕ ಅಭ್ಯಸಿಸಿದನು. ನುರಿತ ಕೆಲಸಗಾರನ ಎರಡು ಹೊಡೆತಗಳೂ ತದ್ವತ್ ಒಂದೇ ಆಗಿರಲಿಲ್ಲ. ಆದರೂ ಸುತ್ತಿಗೆ ಗುರಿಯನ್ನು ಮುಟ್ಟುತ್ತಿತ್ತು. ಹೆಗಲು, ಮೊಣಕೈ, ಮುಂಗೈ, ಮಣಿಕಟ್ಟುಗಳನ್ನು ಕೂಡಿಸಿದರೆ ತೋಳಿಗೆ 7 ಬಗೆಯ ಚಲನಸ್ವಾತಂತ್ರ್ಯವುಂಟು. ಅವಕಾಶದಲ್ಲಿ ಒಂದು ಬಿಂದುವನ್ನು ಗುರುತಿಸಲು 3 ಅಳತೆಗಳು ಸಾಕು. ಹೀಗಾಗಿ ಒಂದೇ ಗುರಿಗೆ ಅಸಂಖ್ಯ ದಾರಿಗಳು. ಇವುಗಳಲ್ಲಿ ಒಂದನ್ನು ನರಮಂಡಲ ಆರಿಸುವುದು ಹೇಗೆ?

ಈ ಪ್ರಶ್ನೆಗೆ ಬಂದ ಉತ್ತರಗಳು ಹಲವು. ಚಲನೆಯ ಕುಲುಕು, ಎಂದರೆ ವೇಗೋತ್ಕರ್ಷದ ಬದಲಾವಣೆ, ಒಟ್ಟಿನಲ್ಲಿ ಕನಿಷ್ಠವಾಗಿರುವ ದಾರಿಯೇ ಆಯ್ಕೆಯಾಗುತ್ತದೆಂದು 1985ರಲ್ಲಿ ಫ್ಲ್ಯಾಶ್ ಮತ್ತು ಹೋಗನ್ ಪ್ರತಿಪಾದಿಸಿದರು. ಕನಿಷ್ಠವಾಗಬೇಕಾದದ್ದು ಕೀಲುಗಳ ತಿರುಗುಬಲದ ಬದಲಾವಣೆಯೆಂದು 1989ರಲ್ಲಿ ಉನೊ, ಕವಾಟೊ, ಸುಜುಕಿ ಎಂಬವರು ವಾದಿಸಿದರು. ನರಗಳ ಆಜ್ಞೆ ಪ್ರಬಲವಾದಷ್ಟೂ ಅದರಲ್ಲಿನ ಏರುಪೇರು ಹೆಚ್ಚುವುದರಿಂದ, ಗುರಿಯಲ್ಲಿ ಆಗುವ ತಪ್ಪನ್ನು ಕಡಿಮೆ ಮಾಡುವುದೇ ನಿಯಮವೆಂದು 1998ರಲ್ಲಿ ಹ್ಯಾರಿಸ್ ಮತ್ತು ವೋಲ್ಪರ್ಟ್ ಹೇಳಿದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಕೈ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವಾಗ ದಾರಿ ಹೆಚ್ಚುಕಡಿಮೆ ನೇರವಾಗಿರುತ್ತದೆ. ವೇಗ ಗಂಟೆಯ ಆಕಾರದಲ್ಲಿ ಏರಿ ಇಳಿಯುತ್ತದೆ. ಮೂರು ಸಿದ್ಧಾಂತಗಳೂ ಬಹುಮಟ್ಟಿಗೆ ಇದೇ ರೇಖೆಯನ್ನು ಕೊಡುತ್ತವೆ. ಮೂವರು ಸಾಕ್ಷಿಗಳು ಮೂರು ಕಾರಣಗಳನ್ನು ಹೇಳಿ ಒಂದೇ ತೀರ್ಮಾನಕ್ಕೆ ಬಂದರೆ, ತೀರ್ಮಾನ ನಿಜವೆಂದ ಮಾತ್ರಕ್ಕೆ ಯಾವ ಕಾರಣವೂ ಸಿದ್ಧವಾಗುವುದಿಲ್ಲ. ಮೂರನೆಯ ಸಿದ್ಧಾಂತಕ್ಕೆ ಹೆಚ್ಚಿನ ಮನ್ನಣೆ ಸಲ್ಲಬೇಕೆಂಬುದು ನಿಜ. ಅದು ಕಣ್ಣಿನ ಚಲನೆಯನ್ನೂ ಕೈಯ ಚಲನೆಯನ್ನೂ ಒಂದೇ ಸೂತ್ರದಿಂದ ವಿವರಿಸುತ್ತದೆ. ಆದರೂ, ನಡೆದ ಚಲನೆಯನ್ನು ಕಂಡಮೇಲೆ ಅದಕ್ಕೊಪ್ಪುವ ವೆಚ್ಚವನ್ನು ಹುಡುಕಿ ಕೊಡುವುದು ವರ್ಣನೆಯಾದೀತೇ ಹೊರತು ವಿವರಣೆಯಾಗದು.

ಹಾಗಾದರೆ ವಿವರಣೆಗೆ ಒರೆಗಲ್ಲು ಯಾವುದು? ಸಿದ್ಧಾಂತವು ಸೋಲಬಹುದಾದ ಪ್ರಯೋಗ. 1994ರಲ್ಲಿ ಶಾಡ್ಮೆಹರ್ ಮತ್ತು ಮುಸ್ಸಾ-ಇವಾಲ್ಡಿ ನಡೆಸಿದ ಪ್ರಯೋಗ ಇದಕ್ಕೆ ಮಾದರಿ. ಯಂತ್ರವೊಂದರ ಹಿಡಿಯನ್ನು ಹಿಡಿದು ಕೈ ಚಾಚುವವನಿಗೆ ಯಂತ್ರವು ಅಡ್ಡಬಲವನ್ನು ಒಡ್ಡಿದಾಗ ದಾರಿ ಮೊದಲು ಸೊಟ್ಟಾಯಿತು. ಅಭ್ಯಾಸದಿಂದ ಮತ್ತೆ ನೇರವಾಯಿತು. ಆ ಬಲವನ್ನು ತಟ್ಟನೆ ತೆಗೆದಾಗ ಕೈ ವಿರುದ್ಧ ದಿಕ್ಕಿಗೆ ಬಾಗಿತು. ಬಲದ ಮುನ್ನೆಣಿಕೆಯನ್ನು ನರಮಂಡಲ ಕಲಿತುಕೊಂಡಿತ್ತೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಆದರೆ ಕಲಿಯಬಲ್ಲುದೆಂಬುದು ಬೇರೆ, ಅತ್ಯುತ್ತಮವನ್ನೇ ಆರಿಸುತ್ತದೆಂಬುದು ಬೇರೆ. ಈ ಎರಡನೆಯ ಮಾತನ್ನು 2012ರಲ್ಲಿ ಡಿ ರೂಗಿ, ಲೋಬ್ ಮತ್ತು ಕ್ಯಾರಲ್ ಒರೆಗೆ ಹಚ್ಚಿದರು. ಮಣಿಕಟ್ಟಿನ ಸ್ನಾಯುಗಳ ವಿದ್ಯುತ್ಸಂಕೇತಗಳಿಂದ ಬಲವನ್ನು ಲೆಕ್ಕಹಾಕಿ, ಒಂದು ಸ್ನಾಯು ನಿಶ್ಚೇಷ್ಟವಾದಂತೆ ಆ ಲೆಕ್ಕವನ್ನು ಬದಲಿಸಿದರು. ಉಪಯುಕ್ತವಾದ ಸ್ನಾಯುಗಳನ್ನು ಮಾತ್ರ ದುಡಿಸುವುದು ಆಗ ಅತ್ಯುತ್ತಮ ಮಾರ್ಗ. ಪ್ರಯೋಗಕ್ಕೊಳಗಾದವರು ಹಾಗೆ ಮಾಡಲಿಲ್ಲ. ರೂಢಿಯಂತೆ ಎಲ್ಲ ಸ್ನಾಯುಗಳನ್ನೂ ಇನ್ನಷ್ಟು ದುಡಿಸಿದರು. ಅಭ್ಯಾಸದ ಕಾಲ ಸಾಲದಾಯಿತೆಂದು ಸಿದ್ಧಾಂತಿಗಳು ಉತ್ತರಿಸಬಹುದು. ಎಷ್ಟು ಕಾಲ ಸಾಕೆಂಬುದನ್ನು ಮುಂದಾಗಿ ಹೇಳದಿದ್ದರೆ ಆ ಉತ್ತರಕ್ಕೆ ಬೆಲೆಯಿಲ್ಲ.

ಇದು ಕೇವಲ ಪಂಡಿತರ ವಾಗ್ವಾದವಲ್ಲ. ಪಾರ್ಶ್ವವಾಯುವಿನಿಂದ ಕೈಯ ಶಕ್ತಿಯನ್ನು ಕಳೆದುಕೊಂಡವನ ಮಿದುಳು ತಾನಾಗಿಯೇ ಉತ್ತಮ ದಾರಿಯನ್ನು ಕಂಡುಕೊಳ್ಳುವುದಾದರೆ ಚಿಕಿತ್ಸಕನ ಕೆಲಸ ಒಂದು ಬಗೆ. ಅದು ಹಳೆಯ ರೂಢಿಯಲ್ಲೇ ನಿಲ್ಲುವುದಾದರೆ, ಹೊಸ ದಾರಿಯನ್ನು ಕೈಹಿಡಿದು ಕಲಿಸುವ ಹೊಣೆ ಅವನ ಮೇಲೆ ಬೀಳುತ್ತದೆ.

ಗಣಿತವನ್ನು ಅಲ್ಲಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಅದಿಲ್ಲದಿದ್ದರೆ ಈ ಭಿನ್ನತೆಯೇ ನಮಗೆ ಕಾಣುತ್ತಿರಲಿಲ್ಲ. 'ಅತ್ಯುತ್ತಮ' ಎಂಬುದು ಒಳ್ಳೆಯ ಅಳತೆಗೋಲು. ಮನುಷ್ಯನ ಚಲನೆ ಅದರಿಂದ ಎಷ್ಟು ದೂರವಿದೆ, ಏಕೆ ದೂರವಿದೆ ಎಂದು ಕೇಳಲು ಅದು ನೆರವಾಗುತ್ತದೆ. ಅಳತೆಗೋಲನ್ನೇ ಕಾರಣವೆಂದು ಭ್ರಮಿಸುವುದು ಮಾತ್ರ ಸಲ್ಲದು. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಇಂತಹ ಪ್ರಬಂಧವನ್ನು ಓದುವಾಗ, ರೇಖೆಗಳು ಎಷ್ಟು ಚೆನ್ನಾಗಿ ಹೊಂದಿವೆ ಎಂಬುದಕ್ಕಿಂತ ಮೊದಲು, ಏನು ಕಂಡಿದ್ದರೆ ಲೇಖಕರು ತಮ್ಮ ಸಿದ್ಧಾಂತವನ್ನು ಬಿಟ್ಟುಕೊಡುತ್ತಿದ್ದರು ಎಂದು ಕೇಳಲಿ.