ನಿದ್ದೆಗೆ ಮಾರ್ಕ್ಸ್ ಕೊಡುವ ಪುಸ್ತಕ

ಮ್ಯಾಥ್ಯೂ ವಾಕರ್ ಬರೆದ ‘ವೈ ವಿ ಸ್ಲೀಪ್’ 2017ರಲ್ಲಿ ಬಂತು. ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಅದನ್ನು ಓದಿದವರು ಒಬ್ಬರಾದರೂ ಸಿಗ್ತಾರೆ, ಇಲ್ಲಾಂದ್ರೆ ಓದಿದವರ ವಿಡಿಯೋ ನೋಡಿದವರು. ಲಿಫ್ಟಿನಲ್ಲಿ “ನಿನ್ನೆ ಡೀಪ್ ಸ್ಲೀಪ್ ಬರೀ ನಲವತ್ತು ನಿಮಿಷ ಮಾರಾಯ” ಅನ್ನೋದು ಈಗ ಟ್ರಾಫಿಕ್ ಬಗ್ಗೆ ಗೊಣಗಿದಷ್ಟೇ ಸಹಜ. ಈ ಪುಸ್ತಕವನ್ನು ನಾನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ನಮ್ಮೂರು ಡಂಬಳದಲ್ಲಿ, ಮನೆಯೊಳಗಿನ ಒಂದು ಜಗಳ ಬಿಡಿಸೋಕೆ. ಜಗಳದ ಕಥೆ ಆಮೇಲೆ. ಮೊದಲು ಪುಸ್ತಕಕ್ಕೆ ಸಲ್ಲಬೇಕಾದ್ದು ಸಲ್ಲಲಿ.

ನಿದ್ದೆಯಲ್ಲಿ ಮಿದುಳು ಆಫ್ ಆಗಿರುತ್ತೆ ಅನ್ನೋ ನಂಬಿಕೆಯನ್ನು ಸಾಮಾನ್ಯ ಓದುಗರ ತಲೆಯಿಂದ ತೆಗೆದು ಹಾಕಿದ್ದು ಈ ಪುಸ್ತಕದ ದೊಡ್ಡ ಕೆಲಸ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಅದೇ ಇಇಜಿ. ಎಚ್ಚರವಾಗಿ ಕಣ್ಣು ಬಿಟ್ಟುಕೊಂಡಿದ್ದಾಗ ಅದರ ಗೆರೆ ಸಣ್ಣಗೆ, ಬೇಗಬೇಗ, ಅಂಕುಡೊಂಕಾಗಿ ಓಡುತ್ತೆ. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ. ಗಾಢನಿದ್ದೆಗೆ ಇಳಿದರೆ ಸೆಕೆಂಡಿಗೆ ಒಂದೋ ಎರಡೋ ದೊಡ್ಡ, ನಿಧಾನದ ಅಲೆಗಳು.

ದೊಡ್ಡ ಅಲೆ ಅಂದ್ರೆ ಮಿದುಳು ಜಾಸ್ತಿ ಕೆಲಸ ಮಾಡ್ತಿದೆ ಅಂತಲೇ ಅನಿಸೋದು. ಹಾಗಲ್ಲ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಬಂದಿದ್ದರೆ ನಿಮಗಿದು ಥಟ್ಟನೆ ಅರ್ಥ ಆಗುತ್ತೆ. ಪಂಕ್ತಿಯಲ್ಲಿ ಕೂತವರೆಲ್ಲ ಅವರವರ ಮಾತಾಡ್ತಿರ್ತಾರೆ: ರೊಟ್ಟಿ ಇಲ್ಲಿ ಹಾಕ್ರಿ, ಬೀಗರು ಎಲ್ಲಿ, ಈ ಸಲ ಉಳ್ಳಾಗಡ್ಡಿ ರೇಟು ಎಷ್ಟು. ದೂರದಿಂದ ಕೇಳಿದರೆ ಒಂದೇ ಸಮನೆ ಗುಜುಗುಜು. ಅದು ಎಚ್ಚರದ ಮಿದುಳು. ತೇರು ಎಳೆಯುವಾಗ ಅದೇ ಜನ ಒಟ್ಟಿಗೆ ಒಂದು ಕೂಗು ಹಾಕ್ತಾರೆ, ಆಮೇಲೆ ಕ್ಷಣ ಮೌನ, ಮತ್ತೆ ಕೂಗು. ಕೂಗು ದೂರದವರೆಗೆ ಕೇಳಿಸುತ್ತೆ, ಆದರೆ ಅದರಲ್ಲಿ ಯಾರ ಸುದ್ದಿಯೂ ಇರಲ್ಲ. ಗಾಢನಿದ್ದೆಯಲ್ಲಿ ಮಿದುಳಿನ ಹೊರಪದರದ ನರಕೋಶಗಳು ಹೀಗೇ ಒಟ್ಟಿಗೆ ಚುರುಕಾಗಿ ಒಟ್ಟಿಗೆ ಮೌನವಾಗ್ತವೆ. ಈ ನಿಧಾನ ಲಯವನ್ನು ಮಿರ್ಚಿಯಾ ಸ್ಟೆರಿಯಾಡೆ 1993ರಲ್ಲಿ ವಿವರವಾಗಿ ತೋರಿಸಿದರು.

ಕನಸಿನ ನಿದ್ದೆಯದ್ದು ಇನ್ನೂ ತಮಾಷೆ. 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅದನ್ನು ಗುರುತಿಸಿದರು. ಇಇಜಿ ಗೆರೆ ಮಾತ್ರ ನೋಡಿದರೆ ಮನುಷ್ಯ ಎದ್ದಿದ್ದಾನೆ ಅನ್ನಬೇಕು, ಮೈ ನೋಡಿದರೆ ಸ್ನಾಯುಗಳೆಲ್ಲ ಸಡಿಲ. ಅದಕ್ಕೇ ಲ್ಯಾಬಿನಲ್ಲಿ ತಲೆಗೆ ಮಾತ್ರ ಅಲ್ಲ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೂ ತಂತಿ ಅಂಟಿಸ್ತಾರೆ. ಈ ತಂತಿಗಳ ಮಾತು ನೆನಪಿಟ್ಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ 2005ರದ್ದು, ಮಾರ್ಚೆಲ್ಲೋ ಮಸ್ಸಿಮಿನಿ ಮತ್ತು ಜುಲಿಯೋ ಟೊನೋನಿ ತಂಡದ್ದು. ತಲೆಯ ಹೊರಗಿಂದ ಕಾಂತೀಯ ಮಿಡಿತವೊಂದನ್ನು ಕೊಟ್ಟು ಮಿದುಳಿನ ಒಂದು ಜಾಗವನ್ನು ತಟ್ಟಿದರು. ಎಚ್ಚರದಲ್ಲಿ ಆ ತಟ್ಟು ಕೆರೆಗೆ ಎಸೆದ ಕಲ್ಲಿನ ಅಲೆಯ ಹಾಗೆ ಒಂದು ಭಾಗದಿಂದ ಇನ್ನೊಂದಕ್ಕೆ ಹರಡ್ತಾ ಹೋಯ್ತು. ಗಾಢನಿದ್ದೆಯಲ್ಲಿ ತಟ್ಟಿದ ಜಾಗದಲ್ಲಿ ಮೊದಲಿಗಿಂತ ಜೋರಾಗಿಯೇ ಎದ್ದು ಅಲ್ಲಿಯೇ ಕರಗಿಹೋಯ್ತು. ಅಂದ್ರೆ ಎಚ್ಚರಕ್ಕೂ ನಿದ್ದೆಗೂ ಇರೋ ವ್ಯತ್ಯಾಸ ಎಷ್ಟು ಸದ್ದು ಅನ್ನೋದಕ್ಕಿಂತ ಒಂದು ಓಣಿಯ ಮಾತು ಇನ್ನೊಂದು ಓಣಿಗೆ ತಲುಪುತ್ತಾ ಅನ್ನೋದರಲ್ಲಿದೆ.

ಇಲ್ಲಿಯವರೆಗೆ ವಾಕರ್ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರೋದು ಅವರು ಮೇಷ್ಟ್ರ ಕುರ್ಚಿ ಬಿಟ್ಟು ಹೆದರಿಸೋಕೆ ಶುರು ಮಾಡುವ ಕಡೆ. ಕಡಿಮೆ ಮಲಗಿದರೆ ಮರೆವಿನ ಕಾಯಿಲೆ, ಕ್ಯಾನ್ಸರ್, ಬೇಗ ಸಾವು. ಪ್ರತಿ ಅಧ್ಯಾಯದಲ್ಲೂ ಒಂದು ಗುಮ್ಮ. 2019ರಲ್ಲಿ ಅಲೆಕ್ಸಿ ಗುಜೆ ಎಂಬ ಹುಡುಗ ಕೂತು ಮೊದಲ ಅಧ್ಯಾಯದ ಮೂಲಗಳನ್ನು ಒಂದೊಂದಾಗಿ ತಾಳೆ ನೋಡಿದ. ವಿಶ್ವ ಆರೋಗ್ಯ ಸಂಸ್ಥೆ ನಿದ್ದೆಗೇಡನ್ನು ಪಿಡುಗು ಎಂದು ಘೋಷಿಸಿದೆ ಅಂತ ಪುಸ್ತಕದಲ್ಲಿತ್ತು. ಅಂಥ ಘೋಷಣೆ ಇರಲಿಲ್ಲ. ಇನ್ನೊಂದು ಕಡೆ, ನಿದ್ದೆ ಕಡಿಮೆಯಾದಷ್ಟೂ ಹುಡುಗ ಆಟಗಾರರಿಗೆ ಗಾಯ ಜಾಸ್ತಿ ಅಂತ ತೋರಿಸುವ ಚಿತ್ರ. ಮೂಲ ಅಧ್ಯಯನದಲ್ಲಿ ಐದು ಗಂಟೆ ಮಲಗುವವರ ಕಂಬವೂ ಇತ್ತು, ಅವರಿಗೆ ಆರು ಗಂಟೆಯವರಿಗಿಂತ ಗಾಯ ಕಡಿಮೆ. ಪುಸ್ತಕದಲ್ಲಿ ಆ ಕಂಬವೇ ಮಾಯ. ವಿಜ್ಞಾನಿಗೆ ಇದು ಸಣ್ಣ ಜಾರುವಿಕೆ ಅಲ್ಲ. ಕಥೆಗೆ ಒಗ್ಗದ ಪಾತ್ರವನ್ನು ಕಾದಂಬರಿಕಾರ ತೆಗೆಯಬಹುದು, ವಿಜ್ಞಾನಿ ತೆಗೆಯೋ ಹಾಗಿಲ್ಲ.

ಈಗ ಜಗಳಕ್ಕೆ ಬರ್ತೀನಿ. ಪುಣೆಯಲ್ಲಿ ಕೆಲಸದಲ್ಲಿರೋ ಕಾಕಾನ ಮಗ ಈ ಪುಸ್ತಕದ ಪರಮಭಕ್ತ. ಅಪ್ಪನಿಗೆ ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಕಾಕಾಂದು ಮೆಣಸಿನಕಾಯಿ, ಉಳ್ಳಾಗಡ್ಡಿ, ಬೋರ್‌ವೆಲ್ ನೀರು. ತ್ರೀ ಫೇಸ್ ಕರೆಂಟು ರಾತ್ರಿ ಬರೋ ವಾರ ಅವನು ಬ್ಯಾಟರಿ ಹಿಡ್ಕೊಂಡು ಹೊಲಕ್ಕೆ ಹೋಗಲೇಬೇಕು. ವಾಚು ದಿನಾ ಬೆಳಿಗ್ಗೆ ಐವತ್ತರ ಕೆಳಗಿನ ಮಾರ್ಕ್ಸ್ ಕೊಡ್ತು. ಮಗ ದಿನಾ ಫೋನ್ ಮಾಡಿ ಬೈದ, ನಿಮಗೆ ಮರೆವಿನ ಕಾಯಿಲೆ ಬರುತ್ತೆ ಅಂದ. ಕಾಕಾ ಹೆದರಿದ. ಕರೆಂಟಿಲ್ಲದ ರಾತ್ರಿಗಳಲ್ಲೂ ನಿದ್ದೆ ಹತ್ತದೆ ಹೊರಳಾಡೋಕೆ ಶುರು ಮಾಡಿದ. ವಾಚಿನ ಲೆಕ್ಕದ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಳ್ಳೋದಕ್ಕೆ ಸಂಶೋಧಕರು 2017ರಲ್ಲೇ ‘ಆರ್ಥೋಸಾಮ್ನಿಯಾ’ ಅಂತ ಹೆಸರಿಟ್ಟಿದ್ದಾರೆ.

ಕೊನೆಗೆ ಕಾಕಾ ನನ್ನ ಮುಂದೆ ಕೈ ಚಾಚಿ ಕೇಳಿದ: “ಲೇ ತಮ್ಮಾ, ಇದು ನನ್ನ ಕೈ ನೋಡತೈತೋ, ತಲಿ ನೋಡತೈತೋ?”

ಇಡೀ ವಿಮರ್ಶೆ ಆ ಒಂದು ಪ್ರಶ್ನೆಯಲ್ಲಿತ್ತು. ಮಣಿಕಟ್ಟಿನ ವಾಚು ಕೈ ಅಲುಗಾಟ ನೋಡುತ್ತೆ, ಚರ್ಮದ ಮೇಲೆ ಬೆಳಕು ಬಿಟ್ಟು ನಾಡಿ ನೋಡುತ್ತೆ. ಅದರಿಂದ ತಲೆಯೊಳಗೆ ಹೀಗಿರಬಹುದು ಅಂತ ಅಂದಾಜು ಕಟ್ಟುತ್ತೆ. ಮಿದುಳಿನ ಒಂದು ಅಲೆಯನ್ನೂ ಅದು ಕಂಡಿಲ್ಲ. ಮಲಗಿದ್ರಾ ಇಲ್ವಾ ಅನ್ನೋ ಅಂದಾಜು ಸುಮಾರಾಗಿ ಸರಿ ಇರಬಹುದು. ಆದರೆ ‘ಡೀಪ್’ ಎಷ್ಟು, ಕನಸಿನ ನಿದ್ದೆ ಎಷ್ಟು ಅಂತ ನಿಮಿಷದ ಲೆಕ್ಕದಲ್ಲಿ ಹೇಳೋದನ್ನ ತಂತಿ ಅಂಟಿಸಿದ ಲ್ಯಾಬಿನ ವರದಿಯ ಹಾಗೆ ಓದೋಕಾಗಲ್ಲ.

ಅಷ್ಟೇ ಅಲ್ಲ, ಎಚ್ಚರ ಮತ್ತು ನಿದ್ದೆಯ ನಡುವೆ ಗೋಡೆಯೇ ಇಲ್ಲ. 2011ರಲ್ಲಿ ವ್ಯಾಜೊವ್‌ಸ್ಕಿ ಮತ್ತು ಸಂಗಡಿಗರು ಇಲಿಗಳನ್ನು ಹೆಚ್ಚು ಹೊತ್ತು ಎಚ್ಚರ ಇಟ್ಟಾಗ, ಅವು ಕಣ್ಣು ಬಿಟ್ಟು ಓಡಾಡ್ತಿರುವಾಗಲೇ ಹೊರಪದರದ ಕೆಲವು ನರಕೋಶಗಳು ಅಲ್ಲಲ್ಲಿ ಕ್ಷಣಕಾಲ ನಿದ್ದೆಯ ಮೌನಕ್ಕೆ ಜಾರಿದ್ದವು. 2016ರಲ್ಲಿ ತಮಾಕಿ ತಂಡ ಇದರ ಉಲ್ಟಾ ತೋರಿಸಿತು: ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗಿದ ಮನುಷ್ಯನ ಮಿದುಳಿನ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಹಗುರವಾಗಿ ಮಲಗಿ ಕಾವಲು ಕಾಯುತ್ತೆ. ನಮ್ಮ ಭಾಷೆಗೆ ಇದು ಹೊಸದಲ್ಲ. ತೂಕಡಿಕೆ, ಜೊಂಪು, ಮಂಪರು, ಕೋಳಿನಿದ್ದೆ, ನಿದ್ದೆಗಣ್ಣು, ಎಲ್ಲಕ್ಕೂ ಬೇರೆ ಬೇರೆ ಪದ ಇಟ್ಕೊಂಡಿದ್ದೀವಿ. ಆಪ್‌ನಲ್ಲಿ ಮಾತ್ರ ನಾಲ್ಕೇ ಬಣ್ಣ.

ಹಾಗಂತ ಹಳೆಯದನ್ನೆಲ್ಲ ತಂದು ಇಇಜಿಗೆ ಅಂಟಿಸೋ ವಾಟ್ಸಾಪ್ ಪಂಡಿತರ ಜೊತೆಗೂ ನಾನಿಲ್ಲ. ಮಾಂಡೂಕ್ಯ ಉಪನಿಷತ್ತಿನ ಸುಷುಪ್ತಿಯೇ ಡೆಲ್ಟಾ ಅಲೆ, ಹಾಗಾಗಿ ಡೆಲ್ಟಾ ಅಂದ್ರೆ ಆತ್ಮಜ್ಞಾನ ಅಂತ ಫಾರ್ವರ್ಡ್ ಬರುತ್ತಲ್ಲ, ಕೋಮಾದಲ್ಲಿರುವವರಲ್ಲೂ ನಿಧಾನ ಅಲೆ ಕಾಣಿಸುತ್ತೆ ಅಂತ ಅವರಿಗೆ ಯಾರಾದ್ರೂ ಹೇಳಬೇಕು. ಈ ವಿಷಯದಲ್ಲಿ ಮರ್ಯಾದೆಯಿಂದ ಕೆಲಸ ಮಾಡಿದ್ದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ಬಿಂದು ಕುಟ್ಟಿ ಅವರ ತಂಡ ವಿಪಸ್ಸನ ಧ್ಯಾನ ಮಾಡುವವರನ್ನು ರಾತ್ರಿಯಿಡೀ ತಂತಿ ಹಾಕಿ ಮಲಗಿಸಿ 2006 ಮತ್ತು 2010ರಲ್ಲಿ ವರದಿ ಬರೆಯಿತು. ವಯಸ್ಸಾದಂತೆ ಕುಗ್ಗುವ ನಿಧಾನ ಅಲೆಯ ನಿದ್ದೆ ಅವರಲ್ಲಿ ಹೆಚ್ಚು ಉಳಿದಿತ್ತು. ಧ್ಯಾನದಿಂದ ಹಾಗಾಯ್ತೋ, ಒಳ್ಳೆ ನಿದ್ದೆ ಬರುವ ಜಾಯಮಾನದವರೇ ಧ್ಯಾನಕ್ಕೆ ಹೋದರೋ ಅನ್ನೋದನ್ನ ಇಂಥ ಹೋಲಿಕೆ ಒಂದೇ ತೀರ್ಮಾನಿಸಲಾರದು.

ಎಂಟು ಗಂಟೆಯ ಮಂತ್ರಕ್ಕೂ ಒಂದು ಮಾತು. ತಾಂಜಾನಿಯಾ, ನಮೀಬಿಯಾ, ಬೊಲಿವಿಯಾದ ಕರೆಂಟಿಲ್ಲದ ಮೂರು ಸಮುದಾಯಗಳನ್ನು ಅಳೆದ 2015ರ ಅಧ್ಯಯನದಲ್ಲಿ ಸಿಕ್ಕ ನಿದ್ದೆ ಸರಾಸರಿ 5.7ರಿಂದ 7.1 ಗಂಟೆ. ಇದನ್ನು ಹಿಡ್ಕೊಂಡು ನಾಲ್ಕು ಗಂಟೆ ಸಾಕು ಅಂತ ನಿಮ್ಮ ಮ್ಯಾನೇಜರ್ ವಾದ ಮಾಡಿದರೆ ನಂಬಬೇಡಿ. ನಿದ್ದೆಗೆಟ್ಟವನ ಗಮನ ತಪ್ಪುತ್ತೆ ಅನ್ನೋದರಲ್ಲಿ ಅನುಮಾನವಿಲ್ಲ. ಕಾಕಾ ರಾತ್ರಿ ಹೋಗೋದು ಮೋಟಾರಿನ ಸ್ಟಾರ್ಟರ್ ಮುಟ್ಟೋಕೆ, ಒದ್ದೆ ನೆಲದ ಮೇಲೆ ನಿಂತು. ವಾಕರ್ ಪುಸ್ತಕದಲ್ಲಿ ನಿದ್ದೆ ಬಹುಮಟ್ಟಿಗೆ ಮಲಗುವವನ ಶಿಸ್ತಿನ ಪ್ರಶ್ನೆ. ಶಾಲೆಯ ಸಮಯ, ಆಫೀಸಿನ ಸಮಯದ ಬಗ್ಗೆ ಅವರು ಬರೆದಿದ್ದಾರೆ ನಿಜ, ಆದರೆ ತ್ರೀ ಫೇಸ್ ಕರೆಂಟು ಯಾವಾಗ ಬಿಡ್ತಾರೆ ಅನ್ನೋದರ ಮೇಲೆ ನಿದ್ದೆ ನಿಂತಿರೋ ಮನುಷ್ಯ ಅವರ ಕಣ್ಣಿಗೆ ಬಿದ್ದಿಲ್ಲ.

ಮಧ್ಯಾಹ್ನದ ನಿದ್ದೆಯನ್ನು ಅದೇ ಪುಸ್ತಕ ಹೊಗಳುತ್ತೆ, ಗ್ರೀಸಿನವರ ಉದಾಹರಣೆ ಕೊಟ್ಟು. ಆ ಪುಟ ತೆಗೆದು ಪುಣೆಯವನಿಗೆ ಫೋಟೋ ಕಳಿಸಿದೆ. ಕಾಕಾ ದಿನಾ ಉಂಡಾದ ಮೇಲೆ ಬೇವಿನ ಗಿಡದ ಕೆಳಗೆ ಒಂದೂವರೆ ಗಂಟೆ ಗೊರಕೆ ಹೊಡೀತಾನೆ, ಆ ವಾಚು ಅದನ್ನು ಒಂದು ದಿನವೂ ಲೆಕ್ಕಕ್ಕೆ ಹಿಡಿದಿಲ್ಲ.