ಬೇಕೆಂದೇ ಒಡೆಸಿದ ಹಾಲು

ಹಾಲು ಒಡೆದರೆ ನಮಗೆ ಬೆಳಗೇ ಕೆಟ್ಟಂತೆ. ತೈವಾನಿನ ತೈಪೆಯಲ್ಲಿ ಬೆಳಗಿನ ತಿಂಡಿಗೆ ಕಾಸು ಕೊಟ್ಟು ಒಡೆಸಿಕೊಳ್ಳುತ್ತಾರೆ! ಬಟ್ಟಲ ತಳಕ್ಕೆ ವಿನೆಗರ್, ಸೋಯಾ ಸಾಸ್, ಉಪ್ಪಿನಲ್ಲಿಟ್ಟ ಮೂಲಂಗಿಯ ಚೂರು, ಒಣಸೀಗಡಿ (ಸಸ್ಯಾಹಾರಿಗಳು ಮೊದಲೇ ಬೇಡವೆನ್ನಬೇಕು) ಹಾಕಿ ಕುದಿಯುವ ಸೋಯಾ ಹಾಲು ಸುರಿದರೆ, ನೋಡನೋಡುತ್ತಲೇ ಗರಣೆಗಟ್ಟುತ್ತದೆ. ಮೇಲೆ ಯೋಟಿಯಾವೊ ಎಂಬ ಕರಿದ ಹಿಟ್ಟಿನ ಕೋಲಿನ ತುಂಡುಗಳು.

1949ರ ಆಸುಪಾಸಿನಲ್ಲಿ ಚೀನಾದಿಂದ ಬಂದವರ ಜೊತೆ ಬಂದ ತಿಂಡಿಗಳಿವು. ಯೋಂಗ್‌ಹೆ ಎಂಬ ಊರಿನ ಹೆಸರೇ ಸೋಯಾ ಹಾಲಿನ ಅಂಗಡಿಗಳಿಗೆ ಅಂಟಿಕೊಂಡಿದೆ.

ಹುವಾಷಾನ್ ಮಾರುಕಟ್ಟೆಯ ಮಹಡಿಯ ಮೇಲಿನ ಫು ಹಾಂಗ್‌ಗೆ ಜನ ಸಾಲು ನಿಲ್ಲುವುದು, ತಂದೂರಿನಂಥ ಒಲೆಯ ಒಳಗೋಡೆಗೆ ಬಡಿದು ಸುಟ್ಟ ಶಾವೊಬಿಂಗ್ ರೊಟ್ಟಿಗೂ ಹೌದು. ರೊಟ್ಟಿ ಒಳ್ಳೆಯದೇ. ಅದರೊಳಗೆ ಯೋಟಿಯಾವೊ ಇಟ್ಟು ತಿನ್ನುವ ಆ ಊರಿನ ರೂಢಿ ಮಾತ್ರ ನನಗೆ ಸೇರದು. ಹಿಟ್ಟಿನೊಳಗೆ ಹಿಟ್ಟು! ನನ್ನ ಮಾರ್ಕು ಬಟ್ಟಲಿಗೇ.

ಆದರೆ ಈ ಬಟ್ಟಲು ಯಾರಿಗೂ ಕಾಯುವುದಿಲ್ಲ. ಆರಿದರೆ ನೀರು ಬೇರೆಯಾಗಿ, ಕರಿದದ್ದು ಮೆತ್ತಗಾಗಿ ರುಚಿ ಮುಗಿಯಿತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ನಮ್ಮಂಥವರಿಗೆ ಒಗ್ಗದ ತಿಂಡಿ. ಅಲ್ಲಿ ಕೆಲಸಕ್ಕೆ ಹೊರಟ ಹೆಂಗಸರು ಒಬ್ಬೊಬ್ಬರೇ ಕೂತು, ಬಿಸಿಯಿರುವಾಗಲೇ ಮುಗಿಸಿ, ಬಾಯೊರೆಸಿಕೊಂಡು ಎದ್ದು ಹೋಗುತ್ತಿದ್ದರು.