ಲೋಡ್ ಆವರೇಜ್: ಇದು ಯಾರ ಹೊರೆಯ ಅಳತೆ?

ಗಣಕ ನಿಧಾನವಾದರೆ ಪ್ರೊಸೆಸರ್ ಸಾಲದು ಎಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಕುಂದಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಲಿನಕ್ಸ್ ಅಳವಡಿಸಿದ ಹಳೆಯ ಗಣಕವೊಂದು ಕಡತಗಳನ್ನು ಸಂಗ್ರಹಿಸುವ ಸರ್ವರ್ ಆಗಿತ್ತು. ಬೈಂದೂರು, ಬ್ರಹ್ಮಾವರದ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳೆಲ್ಲ ಅದರಲ್ಲೇ. ವರದಿ ಒಪ್ಪಿಸುವ ವಾರದಲ್ಲಿ ಒಂದು ಕಡತ ತೆರೆಯಲು ನಿಮಿಷಗಳೇ ಹಿಡಿದವು. ಟರ್ಮಿನಲ್‌ನಲ್ಲಿ ‘ಅಪ್‌ಟೈಮ್’ ಆದೇಶ ಕೊಟ್ಟಾಗ ಲೋಡ್ ಆವರೇಜ್ 6.10, 6.02, 5.87 ಎಂದು ಬಂತು. ಪ್ರೊಸೆಸರಿನಲ್ಲಿದ್ದುದು ಎರಡೇ ಕೋರ್. ಹೊಸ ಗಣಕ ಬೇಕೆಂದು ಬೇಡಿಕೆ ಪತ್ರ ಸಿದ್ಧವಾಯಿತು. ನಾನೂ ಅದಕ್ಕೆ ಸಹಿ ಹಾಕಿದವನೇ.

ಈ ತಪ್ಪಿನಲ್ಲಿ ಅರ್ಧ ಪಾಲು ನಮ್ಮದು, ಉಳಿದರ್ಧ ಆ ಅಳತೆಯದು ಎಂಬುದು ನನ್ನ ಆಕ್ಷೇಪ.

ಆ ಮೂರು ಸಂಖ್ಯೆಗಳು ಕ್ರಮವಾಗಿ 1, 5 ಮತ್ತು 15 ನಿಮಿಷಗಳ ಸರಾಸರಿಗಳು. 1970ರ ದಶಕದ ಟೆನೆಕ್ಸ್ ವ್ಯವಸ್ಥೆಯಿಂದ ಬಂದ ಈ ಅಳತೆ ಮೂಲತಃ ಪ್ರೊಸೆಸರ್ ಬೇಕೆಂದು ನಿಂತ ಕೆಲಸಗಳನ್ನು ಎಣಿಸುತ್ತಿತ್ತು. 1993ರಲ್ಲಿ ಲಿನಕ್ಸ್ ಇದಕ್ಕೆ, ಡಿಸ್ಕಿನ ಉತ್ತರಕ್ಕಾಗಿ ಅಲುಗಾಡದೆ ಕಾಯುವ ಕೆಲಸಗಳನ್ನೂ ಸೇರಿಸಿತು. ಡಿಸ್ಕ್ ನಿಧಾನವಾದಾಗ ಲೋಡ್ ಇಳಿದಂತೆ ಕಾಣುವುದು ಅಸಂಗತ ಎಂಬ ವಾದದಲ್ಲಿ ಹುರುಳಿದೆ. ಆದರೆ ಎರಡು ಬೇರೆ ಸರದಿಗಳನ್ನು ಕೂಡಿಸಿದ ಮೇಲೂ ಹೆಸರು ಮಾತ್ರ ಹಳೆಯದೇ ಉಳಿಯಿತು. ಲೆಕ್ಕ ಮಾಡುವ ಗಣಕದಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ. ಡಿಸ್ಕೇ ಪ್ರಾಣವಾದ ಸಂಗ್ರಹ ಸರ್ವರ್‌ನಲ್ಲಿ ದಾರಿ ತಪ್ಪಿಸುತ್ತದೆ.

‘ಟಾಪ್’ ಆದೇಶ ಕೊಟ್ಟು ನೋಡಿದಾಗ ನಮಗೆ ಎಚ್ಚರವಾಯಿತು. ಬಳಕೆದಾರರ ಕೆಲಸಕ್ಕೆ ಶೇ. 2.1, ವ್ಯವಸ್ಥೆಯ ಕೆಲಸಕ್ಕೆ 3.4, ಬಿಡುವು 10.2, ‘ಡಬ್ಲ್ಯುಎ’ 84.0! ಡಬ್ಲ್ಯುಎ ಎಂದರೆ ಡಿಸ್ಕಿಗಾಗಿ ಕಾಯುವಿಕೆ. ಗಂಗೊಳ್ಳಿ ಬಂದರಿನಲ್ಲಿ ದೋಣಿ ಬಾರದೆ ಬುಟ್ಟಿ ಹಿಡಿದು ಕುಳಿತವರಂತೆ ಪ್ರೊಸೆಸರ್ ಕೈಕಟ್ಟಿ ಕುಳಿತಿತ್ತು. ಬುಟ್ಟಿಯವರನ್ನು ಇಮ್ಮಡಿ ಮಾಡಿದರೆ ಮೀನು ಬೇಗ ಬರುತ್ತದೆಯೇ?

ಹಾಗೆಂದು ಡಬ್ಲ್ಯುಎಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಬಿಡುವಿನ ಸಮಯದ್ದೇ ಒಂದು ಪಾಲು. ಡಿಸ್ಕಿನಲ್ಲಿ ನಕಲು ನಡೆಯುತ್ತಿರುವಾಗಲೇ ಕೊನೆಯಿಲ್ಲದೆ ಎಣಿಸುವ ಎರಡು ಪುಟ್ಟ ಪ್ರೋಗ್ರಾಂಗಳನ್ನು ನಾವು ಚಾಲೂ ಮಾಡಿದೆವು. ಎರಡು ಕೋರ್‌ಗಳಿಗೂ ಕೆಲಸ ಸಿಕ್ಕಿ ಡಬ್ಲ್ಯುಎ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ನಕಲು ಮಾತ್ರ ಮೊದಲಿನಷ್ಟೇ ನಿಧಾನ. ಕಾಯಿಲೆ ಹಾಗೇ ಇದ್ದು ಉಷ್ಣತಾಮಾಪಕ ಇಳಿದಂತೆ. ತರಗತಿಯಲ್ಲಿ ಮಾಡಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿಯದು, ಖರ್ಚೂ ಇಲ್ಲ.

‘ವಿಎಂಸ್ಟ್ಯಾಟ್ 5’ ಎಂಬ ಆದೇಶ ಹೆಚ್ಚು ಪ್ರಾಮಾಣಿಕ. ಐದೈದು ಸೆಕೆಂಡಿಗೊಮ್ಮೆ ಅದು ಕೊಡುವ ಸಾಲಿನಲ್ಲಿ ‘ಆರ್’ ಕಂಬ ಪ್ರೊಸೆಸರಿನ ಸರದಿ, ‘ಬಿ’ ಕಂಬ ಡಿಸ್ಕಿನಂಥವುಗಳಿಗೆ ಕಾದು ನಿಂತವು. ಒಂದೇ ಎಚ್ಚರಿಕೆ: ಇದರ ಮೊದಲ ಸಾಲು ಗಣಕ ಚಾಲೂ ಆದಂದಿನಿಂದ ಅಂದಿನವರೆಗಿನ ಸರಾಸರಿ. ನಮ್ಮ ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುವುದು ಹೆಚ್ಚಾಗಿ ಆ ಸಾಲನ್ನೇ! 2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಿಂದೀಚೆಗೆ ಪ್ರೊಸೆಸರ್, ಸ್ಮೃತಿ, ಡಿಸ್ಕ್ ಒತ್ತಡಗಳನ್ನು ಪ್ರತ್ಯೇಕವಾಗಿ ತೋರಿಸುವ ‘ಪ್ರೆಷರ್’ ಕಡತಗಳೂ ಇವೆ. ಕಾಲು ಶತಮಾನ ತಡವಾಗಿಯಾದರೂ ಬೆರಕೆ ಬಿಡಿಸಿದ್ದು ಮೆಚ್ಚತಕ್ಕದ್ದು.

ಬೇಡಿಕೆ ಪತ್ರ ಹಿಂದಕ್ಕೆ ಪಡೆದು ಒಂದು ಡಿಸ್ಕ್ ಬದಲಿಸಿದೆವು. ಹಳೆಯದರಲ್ಲಿ ಓದಲಾಗದ ಸೆಕ್ಟರ್‌ಗಳು ಹೆಚ್ಚುತ್ತಲೇ ಇದ್ದವು. ಇನ್ನೊಂದು ತಿಂಗಳು ಪ್ರೊಸೆಸರನ್ನೇ ದೂರುತ್ತ ಕುಳಿತಿದ್ದರೆ ಆ ವರ್ಷದ ವರದಿಗಳು ನಮ್ಮ ಕೈಗೆ ಸಿಗುತ್ತಿದ್ದವೋ ಇಲ್ಲವೋ.